ಗಿಲ್ಲಿಯ ಪರವಾಗಿ ನಿಲ್ಲುವವರು ಯಾರು? ಒಂದು ಮಕ್ಕಳ ಕಾದಂಬರಿಯ ದೈವಶಾಸ್ತ್ರೀಯ ವಿಮರ್ಶೆ

ಅಮೆರಿಕದ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಅವರ ‘ದ ಗ್ರೇಟ್ ಗಿಲ್ಲಿ ಹಾಪ್ಕಿನ್ಸ್’ ಕಾದಂಬರಿಯು 1978ರಲ್ಲಿ ಪ್ರಕಟವಾಯಿತು. ಮರುವರ್ಷವೇ ಆ ದೇಶದ ನ್ಯಾಷನಲ್ ಬುಕ್ ಅವಾರ್ಡ್ ಇದಕ್ಕೆ ದೊರೆಯಿತು. ಚೀನಾದಲ್ಲಿ ಸೇವೆಯಲ್ಲಿದ್ದ ಪ್ರೆಸ್ಬಿಟೇರಿಯನ್ ಮಿಷನರಿಗಳ ಮಗಳಾಗಿ 1932ರಲ್ಲಿ ಹುಟ್ಟಿದ ಪ್ಯಾಟರ್ಸನ್, ತಾವೂ ಕೆಲವು ವರ್ಷ ಜಪಾನಿನಲ್ಲಿ ಮಿಷನರಿಯಾಗಿದ್ದು, ಅನಂತರ ಸಭಾಪಾಲಕರೊಬ್ಬರ ಪತ್ನಿಯಾದವರು. ಅವರು ಸ್ವಲ್ಪ ಕಾಲ ಇಬ್ಬರು ಬಾಲಕರಿಗೆ ಸಾಕುತಾಯಿಯಾಗಿದ್ದರು. ಹೇಗೂ ಇವರು ಕೆಲವೇ ದಿನ ಇರುವವರು ಎಂಬ ಭಾವನೆ ತಮ್ಮೊಳಗೆ ಮೂಡಿದ್ದನ್ನು ಕಂಡುಕೊಂಡದ್ದರಿಂದಲೇ ಈ ಕೃತಿ ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ. ಮಕ್ಕಳಿಗಾಗಿ ಬರೆದ ಪುಸ್ತಕವಾದ್ದರಿಂದ ದೈವಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಬದಿಗಿರಿಸಬಹುದು. ಆದರೆ ಪರರ ಪಕ್ಷವಹಿಸಿ ಮಾತಾಡುವುದು ಎಂದರೇನು ಎಂಬ ಪ್ರಶ್ನೆಯನ್ನು ಈ ಕೃತಿ ಎತ್ತುವಷ್ಟು ತೀಕ್ಷ್ಣವಾಗಿ ಎತ್ತುವ ಗ್ರಂಥಗಳು ಹೆಚ್ಚಿಲ್ಲ. ಆ ಪ್ರಶ್ನೆಯ ಬೆಳಕಿನಲ್ಲಿ ಇದನ್ನು ಓದುವುದು ಈ ಲೇಖನದ ಉದ್ದೇಶ.

ಕಥೆ ಸರಳವಾದುದು. ಗಿಲ್ಲಿಗೆ 11 ವರ್ಷ. ತಾಯಿ ಕೋರ್ಟ್ನಿ ಅವಳನ್ನು ಚಿಕ್ಕಂದಿನಲ್ಲೇ ಬಿಟ್ಟುಹೋಗಿದ್ದಾಳೆ. ಸರಕಾರವು ಇಂಥ ಮಕ್ಕಳನ್ನು ತಾತ್ಕಾಲಿಕವಾಗಿ ಬೇರೊಂದು ಕುಟುಂಬದ ವಶಕ್ಕೆ ಕೊಡುವ ಏರ್ಪಾಡಿಗೆ ಅಲ್ಲಿ ಫಾಸ್ಟರ್ ಕೇರ್ ಎನ್ನುತ್ತಾರೆ. ಮೂರು ವರ್ಷ ತುಂಬುವುದರೊಳಗೆ ಮೂರನೆಯ ಮನೆಗೆ ಗಿಲ್ಲಿ ಬರುವಲ್ಲಿ ಕಥೆ ಆರಂಭವಾಗುತ್ತದೆ. ಮೇರಿಲ್ಯಾಂಡ್ ರಾಜ್ಯದ ಆ ಮನೆಯ ಯಜಮಾನಿ ಮೇಮಿ ಟ್ರಾಟರ್. ಸ್ಥೂಲಕಾಯದ, ಹೆಚ್ಚು ಓದುಬರಹವಿಲ್ಲದ, ದೇವಭಕ್ತೆಯಾದ ವಿಧವೆ. ಅಲ್ಲಿ ವಿಲಿಯಮ್ ಅರ್ನೆಸ್ಟ್ ಎಂಬ ಅಂಜುಬುರುಕ ಬಾಲಕನಿದ್ದಾನೆ. ಪಕ್ಕದ ಮನೆಯ ರ‍್ಯಾಂಡಾಲ್ಫ್ ಎಂಬ ಕುರುಡರಾದ ಕಪ್ಪುಜನಾಂಗದ ವೃದ್ಧರು ದಿನವೂ ಊಟಕ್ಕೆ ಬರುತ್ತಾರೆ. ಪ್ರೀತಿಸಿದಲ್ಲೆಲ್ಲ ಕೈಬಿಡಲ್ಪಟ್ಟ ಗಿಲ್ಲಿ, ಇಲ್ಲಿ ಯಾರನ್ನೂ ಪ್ರೀತಿಸಬಾರದೆಂದು ನಿಶ್ಚಯಿಸಿಕೊಂಡೇ ಬಂದಿದ್ದಾಳೆ. ಆಕೆ ಸುಳ್ಳು ಹೇಳುತ್ತಾಳೆ, ಹಣ ಕದಿಯುತ್ತಾಳೆ, ವರ್ಣದ್ವೇಷದ ಮಾತಾಡುತ್ತಾಳೆ, ಓಡಿಹೋಗಲು ಯತ್ನಿಸುತ್ತಾಳೆ. ಆದರೂ ಆ ಮನೆ ಅವಳನ್ನು ಬಿಟ್ಟುಕೊಡುವುದಿಲ್ಲ. ಕೊನೆಗೆ ಅವಳ ಮನಸ್ಸು ಅಲ್ಲಿ ಬೇರುಬಿಡುತ್ತದೆ. ಆ ಹೊತ್ತಿಗೆ, ಹಿಂದೊಮ್ಮೆ ಅವಳು ತಾಯಿಗೆ ಬರೆದಿದ್ದ ಪತ್ರವು ಫಲ ಕೊಡುತ್ತದೆ. ಈ ಮನೆಯಲ್ಲಿ ತನಗೆ ಬಹಳ ಕಷ್ಟ, ತನ್ನನ್ನು ಬಿಡಿಸಿಕೊಂಡು ಹೋಗಬೇಕು ಎಂದು ಸುಳ್ಳುಗಳನ್ನು ಪೋಣಿಸಿ ಬರೆದ ಪತ್ರವದು. ಅದರ ಸುದ್ದಿ ತಾಯಿಯಿಂದ ಅಜ್ಜಿಗೆ ಮುಟ್ಟುತ್ತದೆ. ತನಗೊಬ್ಬಳು ಮೊಮ್ಮಗಳಿದ್ದಾಳೆಂಬುದನ್ನೇ ಅದುವರೆಗೆ ಅರಿಯದಿದ್ದ ಅಜ್ಜಿ ಗಿಲ್ಲಿಯನ್ನು ವರ್ಜೀನಿಯಕ್ಕೆ ಕರೆದೊಯ್ಯುತ್ತಾಳೆ.

ಗಿಲ್ಲಿಗೆ ಹೋಗುವ ಮನಸ್ಸಿಲ್ಲವೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ತೀರ್ಮಾನ ಬದಲಾಗುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಇಡೀ ಕಾದಂಬರಿಯಲ್ಲಿ ನ್ಯಾಯಾಧೀಶರೊಬ್ಬರು ಕಾಣಿಸಿಕೊಳ್ಳುವುದೇ ಇಲ್ಲ. ಮಗುವಿನ ಬದುಕನ್ನು ಎರಡಾಗಿ ಕತ್ತರಿಸುವ ನಿರ್ಣಯವು ಓದುಗರ ಕಣ್ಣಿಗೆ ಬೀಳದ ಎಲ್ಲೋ ಒಂದು ಕಡೆ ಆಗಿಹೋಗುತ್ತದೆ. ಮಗುವಿಗಂತೂ ಅದು ಸುದ್ದಿಯಾಗಿ ಮಾತ್ರ ತಲಪುತ್ತದೆ.

ಈ ಕಾದಂಬರಿ ಹೊರಬರುವುದಕ್ಕೆ ಒಂದು ವರ್ಷ ಮೊದಲು, 1977ರಲ್ಲಿ, ಅದೇ ದೇಶದ ಸಿಯಾಟಲ್ ನಗರದಲ್ಲಿ ಒಬ್ಬ ನ್ಯಾಯಾಧೀಶರು ಈ ಕೊರತೆಯನ್ನೇ ತಮ್ಮ ಪೀಠದಿಂದ ಕಂಡಿದ್ದರು. ಕಿಂಗ್ ಕೌಂಟಿಯ ನ್ಯಾಯಾಲಯದ ಡೇವಿಡ್ ಸೌಕಪ್ ಅವರು, ಮಕ್ಕಳನ್ನು ಮನೆಯಿಂದ ತೆಗೆಯುವ ಅಥವಾ ಮನೆಗೆ ಮರಳಿಸುವ ತೀರ್ಪುಗಳನ್ನು ಸಾಕಷ್ಟು ತಿಳಿವಳಿಕೆಯಿಲ್ಲದೆ ಕೊಡಬೇಕಾಗಿ ಬಂದುದರಿಂದ ನೊಂದರು. ತಂದೆತಾಯಿಯ ಪರವಾಗಿ ವಕೀಲರಿದ್ದರು. ಇಲಾಖೆಯ ಪರವಾಗಿಯೂ ಇದ್ದರು. ಆ ಒಂದು ಮಗುವನ್ನೇ ಚಿಂತಿಸಿ ಬಂದವರು ಯಾರೂ ಇರಲಿಲ್ಲ. 1974ರ ಕೇಂದ್ರ ಕಾಯ್ದೆಯೊಂದು ಇಂಥ ಪ್ರಕರಣಗಳಲ್ಲಿ ಮಗುವಿಗೊಬ್ಬ ಪ್ರತಿನಿಧಿಯನ್ನು ನೇಮಿಸಬೇಕೆಂದು, ಅನುದಾನ ಪಡೆಯುವ ರಾಜ್ಯಗಳಿಗೆ ವಿಧಿಸಿತ್ತು. ಅದಕ್ಕೆ ಸಾಕಷ್ಟು ಜನ ಎಲ್ಲಿಂದ ಬರಬೇಕು? ಸೌಕಪ್ ಸಾಮಾನ್ಯ ನಾಗರಿಕರನ್ನು ಕರೆದರು, ಜನರು ಬಂದರು. ಹೀಗೆ ಆರಂಭವಾದ ‘ಕೋರ್ಟ್ ಅಪಾಯಿಂಟೆಡ್ ಸ್ಪೆಷಲ್ ಅಡ್ವೊಕೇಟ್’, ಸಂಕ್ಷಿಪ್ತವಾಗಿ ‘ಕಾಸಾ’ ಎಂಬ ಸೇವೆಯು 1982ರಲ್ಲಿ ರಾಷ್ಟ್ರಮಟ್ಟದ ಸಂಘವಾಯಿತು. ಈ ಸ್ವಯಂಸೇವಕರು ವಕೀಲರಲ್ಲ, ಇಲಾಖೆಯ ನೌಕರರೂ ಅಲ್ಲ. ಸುಮಾರು 30 ಗಂಟೆಗಳ ತರಬೇತಿಯ ಬಳಿಕ ಒಂದೋ ಎರಡೋ ಪ್ರಕರಣಗಳನ್ನು ಮಾತ್ರ ವಹಿಸಿಕೊಳ್ಳುತ್ತಾರೆ. ಕಡತ ಓದುತ್ತಾರೆ, ಮಗುವನ್ನು ಅದಿರುವ ಮನೆಯಲ್ಲೇ ಮತ್ತೆ ಮತ್ತೆ ಭೇಟಿಯಾಗುತ್ತಾರೆ, ಹೆತ್ತವರು, ಸಾಕುವವರು, ಶಿಕ್ಷಕರು, ವೈದ್ಯರು ಎಲ್ಲರೊಡನೆ ಮಾತಾಡುತ್ತಾರೆ, ತಾವು ಕಂಡುದನ್ನು ನ್ಯಾಯಾಧೀಶರಿಗೆ ಲಿಖಿತವಾಗಿ ವರದಿ ಮಾಡುತ್ತಾರೆ. ಪ್ರಕರಣ ಮುಗಿಯುವವರೆಗೆ ಜೊತೆಯಲ್ಲಿರುವುದು ಅವರಿಂದ ನಿರೀಕ್ಷಿಸುವ ಮುಖ್ಯ ಗುಣ.

ಅಲ್ಲಿನ ಅನೇಕ ಕ್ರೈಸ್ತರು ಈ ಸೇವೆಗೆ ಬರುವಾಗ ಒಂದು ಮಾತನ್ನು ಜೊತೆಗೆ ತರುತ್ತಾರೆ: ನಾವು ಧ್ವನಿಯಿಲ್ಲದವರ ಧ್ವನಿ. ನಮ್ಮ ಪ್ರಸಂಗವೇದಿಕೆಗಳಲ್ಲಿಯೂ ಈ ಮಾತು ಹಳಸುವಷ್ಟು ಬಳಕೆಯಲ್ಲಿದೆ. ಪ್ಯಾಟರ್ಸನ್ ಅವರ ಕಾದಂಬರಿಯು ಈ ಮಾತನ್ನು ಒರೆಗೆ ಹಚ್ಚುತ್ತದೆ. ಮಾತು ಒರೆಗೆ ನಿಲ್ಲುವುದಿಲ್ಲ. ಏಕೆಂದರೆ ಗಿಲ್ಲಿ ಧ್ವನಿಯಿಲ್ಲದವಳಲ್ಲ. ಆ ಪುಸ್ತಕದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳೇ ಅವಳು. ತನ್ನ ಕೋರಿಕೆಯನ್ನು ಸ್ವಹಸ್ತದಿಂದ ಬರೆದು ಕಳುಹಿಸಿದವಳು. ಅವಳ ದುರಂತವು ಯಾರೂ ಅವಳ ಮಾತನ್ನು ಕೇಳದೆಹೋದುದರಿಂದ ಮಾತ್ರ ಆದುದಲ್ಲ. ಅವಳ ಮಾತೊಂದು ತಪ್ಪು ಹೊತ್ತಿನಲ್ಲಿ ಅಕ್ಷರಶಃ ನೆರವೇರಿದ್ದರಿಂದ ಆದುದು. ನೋವು ಬರೆಸಿದ ಪತ್ರವನ್ನು ದೊಡ್ಡವರು ನಂಬಿದರು. ಮನಸ್ಸು ಮಾಗಿದ ಮೇಲೆ ಆಡಿದ ಮಾತು ತೂಗಲಿಲ್ಲ. ಈ ಎರಡನ್ನೂ ಬಲ್ಲ, ಮೊದಲನೆಯದು ಹೇಗೆ ಎರಡನೆಯದಾಯಿತೆಂಬುದನ್ನು ವಿವರಿಸಬಲ್ಲ ಒಬ್ಬ ಸಾಕ್ಷಿ ಅವಳಿಗೆ ಬೇಕಾಗಿತ್ತು. ಆದುದರಿಂದ ಮಗುವಿನ ಪಕ್ಷವಾದಿಯಾಗುವವನ ಮೊದಲ ಕರ್ತವ್ಯ ಮಗುವಿಗೆ ಧ್ವನಿ ಕೊಡುವುದಲ್ಲ, ಮಗುವಿನ ಧ್ವನಿಯನ್ನು ಕಾಲದ ಉದ್ದಕ್ಕೂ ಕೇಳುತ್ತಿರುವುದು. ಒಂದು ಭೇಟಿಯಲ್ಲಿ ಕೇಳಿಸಿದ್ದನ್ನೇ ಮಗುವಿನ ಇಚ್ಛೆಯೆಂದು ಬರೆದುಕೊಂಡು ಹೋಗುವವನು ಗಿಲ್ಲಿಯ ಪತ್ರವನ್ನು ಇನ್ನೊಮ್ಮೆ ಅಂಚೆಗೆ ಹಾಕಿದಂತಾಗುತ್ತದೆ.

ಅಂಥ ಸಾಕ್ಷಿ ಕಾದಂಬರಿಯಲ್ಲಿ ಇಲ್ಲದಿಲ್ಲ. ಗಿಲ್ಲಿ ಓಡಿಹೋಗಲು ಯತ್ನಿಸಿ ಪೋಲೀಸರ ಕೈಗೆ ಸಿಕ್ಕ ಬಳಿಕ, ಅವಳನ್ನು ಬೇರೆಡೆಗೆ ಕಳುಹಿಸುವ ಆಲೋಚನೆಯಿಂದ ಸಮಾಜಸೇವಾ ಇಲಾಖೆಯ ಮಿಸ್ ಎಲಿಸ್ ಬರುತ್ತಾಳೆ. ಟ್ರಾಟರ್ ಒಪ್ಪುವುದಿಲ್ಲ, ಈ ಮಗುವನ್ನು ತಾನು ಬಿಡುವುದಿಲ್ಲವೆಂದು ಹಟ ಹಿಡಿಯುತ್ತಾಳೆ. ಮರೆಯಲ್ಲಿ ನಿಂತು ಗಿಲ್ಲಿ ಇದನ್ನು ಕೇಳಿಸಿಕೊಳ್ಳುತ್ತಾಳೆ. ತನ್ನ ಪರವಾಗಿ ಒಬ್ಬರು ವಾದಿಸುವುದನ್ನು ಆ ಮಗು ಕೇಳುವ ಈ ಸನ್ನಿವೇಶವೇ ಕೃತಿಯ ತಿರುವು. ಆದರೆ ಅಜ್ಜಿ ಬಂದಾಗ ಅದೇ ಟ್ರಾಟರಳ ಮಾತಿಗೆ ಬೆಲೆಯಿಲ್ಲ. ಸಾಕುತಾಯಿಗೆ ಆ ತೀರ್ಮಾನದಲ್ಲಿ ಅಧಿಕಾರವಿಲ್ಲ. ಮಗುವನ್ನು ಬಲ್ಲವರಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವರು ಮಗುವನ್ನು ಬಲ್ಲವರಲ್ಲ. ಇದೇ ಕಾದಂಬರಿಯ ನಿಜವಾದ ಆರೋಪ. ಮಿಸ್ ಎಲಿಸ್ ಕೆಟ್ಟವಳಲ್ಲ, ಕೆಲಸದ ಹೊರೆಯಿಂದ ದಣಿದವಳು. ಅಜ್ಜಿಯಂತೂ ಒಳ್ಳೆಯವಳೇ. ಒಬ್ಬ ದುಷ್ಟನೂ ಇಲ್ಲದೆ ಒಂದು ಅನ್ಯಾಯ ನಡೆದುಹೋಗುತ್ತದೆ. ಕಾಸಾ ಸೇವೆಯ ಹಿರಿಮೆಯನ್ನು ಇಲ್ಲಿಂದಲೇ ಅಳೆಯಬೇಕು: ಬಲ್ಲತನವನ್ನೂ ಅಧಿಕೃತ ಸ್ಥಾನವನ್ನೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿಸುವ ಯತ್ನ ಅದು.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಇಂಥ ಸೇವೆಗೆ ಆಧಾರವಾಗಿ ಎಲ್ಲರೂ ಉದ್ಧರಿಸುವುದು ಜ್ಞಾನೋಕ್ತಿ 31:8. ಮಾತಾಡಲಾರದವರಿಗಾಗಿ ಬಾಯ್ದೆರೆಯಬೇಕೆಂಬ ಆ ಉಪದೇಶವು ಅರಸನಾದ ಲೆಮುವೇಲನಿಗೆ ಅವನ ತಾಯಿ ಕೊಟ್ಟದ್ದು. ಮುಂದಿನ ವಚನ ನ್ಯಾಯತೀರ್ಪನ್ನು ಕುರಿತದ್ದು. ಅಂದರೆ ಅದು ಮೊದಲಾಗಿ ನ್ಯಾಯಪೀಠದ ಮೇಲಿರುವವನ ಹೊಣೆ. ಪೀಠವು ತನ್ನ ಹೊಣೆಯನ್ನು ಅರಿತು ಸಹಾಯಕ್ಕೆ ಕರೆದಾಗ ನಾವು ಹೋಗುತ್ತೇವೆ; ಪೀಠದ ಬದಲಾಗಿ ಅಲ್ಲ. ಸ್ವಯಂಸೇವೆಯು ರಾಜ್ಯದ ಹೊಣೆಯನ್ನು ಹಗುರಗೊಳಿಸುವ ಅಗ್ಗದ ಉಪಾಯವಾಗಬಾರದೆಂಬ ಎಚ್ಚರಿಕೆ ಈ ವಚನದಲ್ಲಿಯೇ ಇದೆ.

ಇನ್ನೊಂದು ಎಚ್ಚರಿಕೆ ಯೋಬನ ಸ್ನೇಹಿತರದು. ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಷ್ಟು ಕಾಲ ಅವರು ಒಳ್ಳೆಯ ಪಕ್ಷವಾದಿಗಳು. ಬಾಯ್ದೆರೆದೊಡನೆ ತಮ್ಮ ಸಿದ್ಧಾಂತದ ಪರವಾಗಿ ಮಾತಾಡತೊಡಗಿದರು. ಯೋಬನು ತನಗೊಬ್ಬ ಮಧ್ಯಸ್ಥನಿಲ್ಲವೆಂದು ಗೋಳಾಡಿದ್ದು (9:33) ಅವರ ಎದುರಿನಲ್ಲೇ. ಕೊನೆಯ ಅಧ್ಯಾಯದಲ್ಲಿ ದೇವರು ಅವರ ಮಾತನ್ನು ಸರಿಯಲ್ಲವೆಂದು ತಳ್ಳಿಹಾಕುತ್ತಾನೆ. ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳುವುದು ಸಾಲದು. ಕುಳಿತು ಕೇಳಿದ್ದು ನಮ್ಮ ಬಾಯಿಂದ ಹೊರಡುವ ಮಾತನ್ನು ತಿದ್ದಬೇಕು.

ಆದಿಕಾಂಡ 21ರಲ್ಲಿ ಇದಕ್ಕೆ ಪ್ರತಿಯಾದ ಚಿತ್ರವಿದೆ. ಅಬ್ರಹಾಮನ ಮನೆಯಿಂದ ಹೊರಹಾಕಲ್ಪಟ್ಟ ಹಾಗರಳು ಮರುಭೂಮಿಯಲ್ಲಿ ಮಗನನ್ನು ಪೊದೆಯ ಕೆಳಗೆ ಬಿಟ್ಟು ದೂರ ಕುಳಿತು ಅಳುತ್ತಾಳೆ. ಹೀಬ್ರೂ ಮೂಲದಲ್ಲಿ ಅಳುವವಳು ತಾಯಿ. ಆದರೆ ದೇವರು ಹುಡುಗನ ಧ್ವನಿಯನ್ನು ಕೇಳಿದನೆಂದು 17ನೆಯ ವಚನ ಹೇಳುತ್ತದೆ. ಕಥನಕಾರನು ದಾಖಲಿಸದ ಧ್ವನಿಯನ್ನು ದೇವರು ಕೇಳಿದ್ದಾನೆ. ಅಷ್ಟೇ ಅಲ್ಲ, ಆ ಹುಡುಗನು ಇದ್ದ ಸ್ಥಳದಲ್ಲಿಯೇ ಕೇಳಿದ್ದಾನೆ. ‘ದೇವರು ಕೇಳುತ್ತಾನೆ’ ಎಂಬುದೇ ಇಷ್ಮಾಯೇಲ್ ಎಂಬ ಹೆಸರಿನ ಅರ್ಥ. ಮಗುವಿಗೆ ಧ್ವನಿಯಿಲ್ಲವೆಂದು ಹೇಳುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಅಲ್ಲಿ ಕೊರತೆಯಿದ್ದದ್ದು ಧ್ವನಿಗಲ್ಲ, ಕೇಳುವ ಕಿವಿಗೆ.

ಯೋಹಾನನ ಸುವಾರ್ತೆಯ ‘ಪರಾಕ್ಲೇತೊಸ್’ ಎಂಬ ಗ್ರೀಕ್ ಪದವನ್ನು ನಮ್ಮ ಕನ್ನಡ ಸತ್ಯವೇದವು ‘ಸಹಾಯಕ’ ಎಂದು ಅನುವಾದಿಸಿದೆ. ಪಕ್ಕಕ್ಕೆ ಕರೆಯಲ್ಪಟ್ಟವನು ಎಂಬುದು ಅದರ ಮೂಲಾರ್ಥ. ನ್ಯಾಯಸ್ಥಾನದಲ್ಲಿ ಒಬ್ಬನ ಪರವಾಗಿ ನಿಲ್ಲುವವನೆಂಬ ಅರ್ಥವೂ ಅದಕ್ಕಿದೆ. ಈ ಸಹಾಯಕನ ವಾಗ್ದಾನ ಬರುವ 14ನೆಯ ಅಧ್ಯಾಯದಲ್ಲಿಯೇ ಕರ್ತನು ಶಿಷ್ಯರನ್ನು ಅನಾಥರಾಗಿ ಬಿಡೆನೆಂದು ಹೇಳುವುದು ಆಕಸ್ಮಿಕವಲ್ಲ. ಅಲ್ಲಿ ಸಹಾಯಕನಿಗೆ ಹೇಳಿರುವ ಎರಡು ಲಕ್ಷಣಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸುತ್ತವೆ. ಒಂದು, ಅವನು ಬಂದುಹೋಗುವವನಲ್ಲ, ಜೊತೆಯಲ್ಲಿ ನೆಲೆಸುವವನು. ಎರಡು, 16:13ರ ಪ್ರಕಾರ ಅವನು ತನ್ನಷ್ಟಕ್ಕೆ ತಾನೇ ಆಡುವವನಲ್ಲ, ಕೇಳಿದ್ದನ್ನು ಆಡುವವನು. ಪವಿತ್ರಾತ್ಮನ ವಿಷಯದಲ್ಲಿಯೇ ಕೇಳುವಿಕೆಯು ನುಡಿಗಿಂತ ಮುಂಚಿನದಾದರೆ, ಮನುಷ್ಯನಾದ ಪಕ್ಷವಾದಿಗೆ ಅದು ಎಷ್ಟು ಹೆಚ್ಚಾಗಿ ಸಲ್ಲಬೇಕು!

ಇಷ್ಟು ಹೇಳಿದ ಮೇಲೆ ಕೃತಿಯ ಮಿತಿಗಳನ್ನೂ ಹೇಳಬೇಕು. ಟ್ರಾಟರಳ ಮನೆಯನ್ನು ನಾವು ಪ್ರೀತಿಸುವಂತೆ ಮಾಡುವ ಲೇಖಕಿ, ಹೆತ್ತ ತಾಯಿಯನ್ನು ಮಾತ್ರ ದೂರದಲ್ಲೇ ಇಡುತ್ತಾರೆ. ಕೋರ್ಟ್ನಿ ಕೊನೆಗೆ ಬರುವುದು ಅವಳ ತಾಯಿ ಹಣ ಕೊಟ್ಟುದರಿಂದ; ಉಳಿಯುವ ಉದ್ದೇಶವೂ ಅವಳಿಗಿಲ್ಲ. ಅವಳು ಹೀಗೇಕಾದಳು, ಅವಳನ್ನು ಯಾರು ಕೇಳಿದರು ಎಂಬ ಪ್ರಶ್ನೆ ಪುಸ್ತಕದಲ್ಲಿಲ್ಲ. ಮಗುವಿನ ಕಣ್ಣಿನಿಂದ ಹೇಳಿದ ಕಥೆಗೆ ಇದು ಸಹಜವಾದ ಮಿತಿ. ಆದರೆ ಅದೇ ಮಿತಿಯು ಸ್ವಯಂಸೇವಕನಲ್ಲಿ ದೋಷವಾಗುತ್ತದೆ. ಫಾಸ್ಟರ್ ಕೇರ್ ವ್ಯವಸ್ಥೆಯ ಮೊದಲ ಗುರಿಯೇ ಸಾಧ್ಯವಾದಲ್ಲೆಲ್ಲ ಮಗುವನ್ನು ಸುರಕ್ಷಿತವಾಗಿ ಹೆತ್ತವರ ಬಳಿಗೆ ಮರಳಿಸುವುದು. ಅನುಕೂಲಸ್ಥ ಸ್ವಯಂಸೇವಕನು ಬಡ ತಾಯಿಯ ಮನೆಯನ್ನು ತನ್ನ ಮನೆಯೊಡನೆ ಹೋಲಿಸಿ ನೋಡತೊಡಗಿದರೆ ಬಡತನವೇ ಅವನಿಗೆ ಅಪರಾಧವಾಗಿ ಕಂಡೀತು.

ಈ ಅಪಾಯ ಕಲ್ಪಿತವಲ್ಲ. ಕಾದಂಬರಿ ಪ್ರಕಟವಾದ 1978ರಲ್ಲಿಯೇ ಅಮೆರಿಕದ ಕಾಂಗ್ರೆಸ್ ಇಂಡಿಯನ್ ಚೈಲ್ಡ್ ವೆಲ್ಫೇರ್ ಆ್ಯಕ್ಟ್ ಎಂಬ ಕಾಯ್ದೆಯನ್ನು ಮಾಡಬೇಕಾಯಿತು. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಅಪಾರ ಸಂಖ್ಯೆಯಲ್ಲಿ ಅವರ ಕುಟುಂಬಗಳಿಂದಲೂ ಕುಲಗಳಿಂದಲೂ ತೆಗೆದು ಪರರ ಮನೆಗಳಿಗೆ ಕೊಟ್ಟಿದ್ದೇ ಅದಕ್ಕೆ ಕಾರಣ. ಅದಕ್ಕೂ ಹಿಂದೆ ಅದೇ ಮಕ್ಕಳನ್ನು ತಂದು ಇಟ್ಟ ವಸತಿಶಾಲೆಗಳಲ್ಲಿ ಹಲವನ್ನು ನಡೆಸಿದವು ಕ್ರೈಸ್ತ ಸಭೆಗಳು. ಮಗುವಿನ ಹಿತಕ್ಕಾಗಿ ಎಂಬ ಮಾತು ಆಗಲೂ ಇತ್ತು. ಇತ್ತೀಚೆಗೆ, 2016ರಲ್ಲಿ, ಏಮಿ ಮಲ್ಜರ್ ಮತ್ತು ಟಾರಾ ಅರ್ಸ್ ಎಂಬ ಇಬ್ಬರು ನ್ಯಾಯವಾದಿಗಳು ಕಾಸಾ ಸೇವೆಯನ್ನೇ ವಿಮರ್ಶಿಸಿ ಬರೆದರು. ಸ್ವಯಂಸೇವಕರ ಸದುದ್ದೇಶ ಎಷ್ಟೇ ಇದ್ದರೂ, ಬಹುಪಾಲು ಬಿಳಿಯರಾದ ಮಧ್ಯಮವರ್ಗದವರು ಬಡ ಕಪ್ಪು ಕುಟುಂಬಗಳ ಬಗ್ಗೆ ನ್ಯಾಯಾಲಯಕ್ಕೆ ಅಭಿಪ್ರಾಯ ಕೊಡುವಲ್ಲಿ ವರ್ಣಭೇದದ ರಚನೆಯೇ ಕೆಲಸ ಮಾಡುತ್ತದೆಂಬುದು ಅವರ ವಾದ. ಈ ವಾದವನ್ನು ಪೂರ್ತಿಯಾಗಿ ಒಪ್ಪಿದರೆ ಸೇವೆಯನ್ನೇ ನಿಲ್ಲಿಸಬೇಕಾಗುತ್ತದೆ. ಆಗ ನ್ಯಾಯಾಧೀಶರು ಮತ್ತೆ 1976ರ ಸ್ಥಿತಿಗೆ, ಮಗುವನ್ನು ಬಲ್ಲ ಯಾರ ಮಾತೂ ಇಲ್ಲದೆ ತೀರ್ಪು ಕೊಡುವ ಸ್ಥಿತಿಗೆ ಮರಳುತ್ತಾರೆ. ನನಗೆ ತೋರುವಂತೆ ಸರಿಯಾದ ದಾರಿ ಬೇರೆಯದು: ಪಕ್ಷವಾದಿಯ ವರದಿಯು ಅವನ ಅಭಿಪ್ರಾಯಕ್ಕಿಂತ ಹೆಚ್ಚಾಗಿ ಅವನು ಕಂಡ ಕೇಳಿದ ಸಂಗತಿಗಳಿಂದ ತುಂಬಿರಬೇಕು. ಮಗು ಏನು ಬಯಸುತ್ತದೆ ಎಂಬುದನ್ನು, ಅದು ತನಗೆ ಸರಿಯೆನಿಸದಿದ್ದರೂ, ಬೇರೆಯಾಗಿ ಬರೆಯಬೇಕು. ತಾಯಿಯ ಮನೆಗೆ ಏನು ಒದಗಿಸಿದರೆ ಮಗು ಅಲ್ಲಿಗೆ ಮರಳಬಹುದೆಂದು ಮೊದಲು ಕೇಳಬೇಕು. ಸಾಕ್ಷಿಗೂ ತೀರ್ಪುಗಾರನಿಗೂ ಇರುವ ಅಂತರವನ್ನು ಮರೆಯದಿರುವುದೇ ಇಲ್ಲಿ ದೀನತೆ.

ಕಾದಂಬರಿಯ ಅಂತ್ಯವು ಸಭಾಪಾಲಕರಿಗೆ ಒಂದು ವಿಶೇಷ ಶೋಧನೆ. ತಾಯಿಯ ಬಗ್ಗೆ ಭ್ರಮೆ ಕಳಚಿಬಿದ್ದ ಗಿಲ್ಲಿ ವಿಮಾನನಿಲ್ದಾಣದಿಂದ ಟ್ರಾಟರಳಿಗೆ ಫೋನು ಮಾಡಿ, ಮನೆಗೆ ಬರುತ್ತೇನೆನ್ನುತ್ತಾಳೆ. ಟ್ರಾಟರಳು ಪ್ರೀತಿಯಿಂದಲೇ ಒಪ್ಪುವುದಿಲ್ಲ. ಬದುಕು ಕಷ್ಟದ್ದೇ, ನಿನ್ನ ಮನೆ ಈಗ ಅಜ್ಜಿಯ ಬಳಿ ಎಂಬುದು ಅವಳ ಮಾತಿನ ಸಾರ. ಗಿಲ್ಲಿ ಅದನ್ನು ಸ್ವೀಕರಿಸಿ ಅಜ್ಜಿಯೊಡನೆ ಹೊರಡುತ್ತಾಳೆ. ಈ ಪುಟಗಳು ಮನಮುಟ್ಟುತ್ತವೆ. ಕೃಪೆಯು ಹಗುರವಾದ ಸಾಂತ್ವನವಲ್ಲವೆಂಬುದನ್ನು ತೋರಿಸುತ್ತವೆ. ಟ್ರಾಟರಳು ಸುಳ್ಳು ಭರವಸೆ ಕೊಡದಿರುವುದು ಅವಳ ದೊಡ್ಡತನ. ಆದರೆ ಆ ಮಾತನ್ನು ಹೇಳುವ ಹಕ್ಕು ಅವಳಿಗೆ ಬಂದದ್ದು ಮಗುವಿಗಾಗಿ ಒಮ್ಮೆ ಹೋರಾಡಿದ್ದರಿಂದ. ಹೋರಾಡದ ಬಾಯಿಂದ ಅದೇ ಮಾತು ಬಂದರೆ ಅದು ಕೃಪೆಯ ಉಪದೇಶವಲ್ಲ, ಅನ್ಯಾಯಕ್ಕೆ ಹೊದಿಸಿದ ಮುಸುಕು. ಸಹಿಸಿಕೋ ಎಂದು ಮಗುವಿಗೆ ಹೇಳುವ ಮೊದಲು, ಸಹಿಸಬೇಕಾಗಿ ಬಂದದ್ದೇಕೆ ಎಂದು ದೊಡ್ಡವರನ್ನು ಕೇಳಿರಬೇಕು.

ಇದು ದೂರದ ದೇಶದ ವಿಷಯವೆಂದು ನಮ್ಮ ಓದುಗರು ಭಾವಿಸಬೇಕಾಗಿಲ್ಲ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯು ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿಯನ್ನು ವಿಧಿಸಿದೆ. 44ನೆಯ ಕಲಮಿನಲ್ಲಿ ಪೋಷಕ ಕುಟುಂಬದ ಪಾಲನೆಗೂ ಅವಕಾಶ ಕೊಟ್ಟಿದೆ. ತನಗೆ ಸಂಬಂಧಿಸಿದ ನಿರ್ಣಯದಲ್ಲಿ ಮಗುವಿನ ಮಾತನ್ನು ಕೇಳಬೇಕೆಂಬುದನ್ನು ತನ್ನ ಮೂಲತತ್ತ್ವಗಳಲ್ಲಿ ಒಂದಾಗಿ ಸೇರಿಸಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯ್ದೆಯ 2020ರ ನಿಯಮಗಳ ಪ್ರಕಾರ, ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಯಲ್ಲಿರಲು ಸಮಿತಿಯು ಬೆಂಬಲ ವ್ಯಕ್ತಿಯೊಬ್ಬರನ್ನು ನೇಮಿಸಬಹುದು. ಸಮಿತಿಯ ಮುಂದೆ ಬಂದು ನಿಲ್ಲುವ ಮಗುವಿನ ಪಕ್ಕದಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಆದುದರಿಂದ ನಮ್ಮದೂ ಹೌದು. ನಮ್ಮ ಸಭೆಗಳು ನಡೆಸುವ ಬೋರ್ಡಿಂಗ್ ಹೋಮುಗಳಿಗೂ ಇದು ಅನ್ವಯಿಸುತ್ತದೆ. ಒಂದು ಮಗುವನ್ನು ಸೇರಿಸಿಕೊಳ್ಳುವಾಗ, ಊರಿಗೆ ಕಳುಹಿಸುವಾಗ, ಬೇರೆಡೆಗೆ ವರ್ಗಾಯಿಸುವಾಗ ಆ ಮಗುವನ್ನು ಒಮ್ಮೆಯಲ್ಲ, ಹಲವು ಸಲ ಕೇಳುವ ಪದ್ಧತಿ ಇದೆಯೇ? ಕೇಳಿದ್ದನ್ನು ಬರೆದಿಡುವ ಪುಸ್ತಕವಿದೆಯೇ? ಮೇಲ್ವಿಚಾರಕರ ಕೈಕೆಳಗಿಲ್ಲದ ಒಬ್ಬ ವಿಶ್ವಾಸಿ ತಿಂಗಳಿಗೊಮ್ಮೆ ಬಂದು ಮಕ್ಕಳೊಡನೆ ಕುಳಿತುಕೊಳ್ಳುತ್ತಾರೆಯೇ?

ಸೆಮಿನರಿಯಲ್ಲಿ ನಾವು ಪ್ರಸಂಗ ಮಾಡುವುದನ್ನು ಕಲಿಸುತ್ತೇವೆ, ಅದಕ್ಕೆ ಅಂಕಗಳನ್ನೂ ಕೊಡುತ್ತೇವೆ. ಮಗುವಿನ ಮಾತನ್ನು ಕೇಳಿ, ಅದಕ್ಕೆ ಏನನ್ನೂ ಕೂಡಿಸದೆ, ಏನನ್ನೂ ಕಳೆಯದೆ ಅಧಿಕಾರದಲ್ಲಿರುವವರ ಮುಂದೆ ಇಡುವುದನ್ನು ಎಲ್ಲಿ ಕಲಿಸುತ್ತೇವೆ? ಸಭಾಪಾಲನಾ ಅಭ್ಯಾಸದ ತಿಂಗಳುಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಅಂಥ ಒಂದು ಜವಾಬ್ದಾರಿಯನ್ನು, ಅರ್ಹರಾದವರ ಮೇಲ್ವಿಚಾರಣೆಯಲ್ಲಿ ಮತ್ತು ಮಕ್ಕಳ ರಕ್ಷಣೆಯ ನಿಯಮಗಳಿಗೆ ಒಳಪಟ್ಟು, ವಹಿಸಬಹುದು. ಅದಕ್ಕೆ ಸಿದ್ಧತೆಯಾಗಿ ಓದಿಸಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಈ ಮಕ್ಕಳ ಕಾದಂಬರಿಗೂ ಒಂದು ಸ್ಥಳವಿರಲಿ.